ಓದಿದವರು ಎಂಬ ಕಾಲಂ

ಅಂಕಿಗೆ ಜಾತಿಯಿಲ್ಲ ಎಂಬ ಮಾತನ್ನು ನಮ್ಮ ಕಾಲೇಜಿನ ಸಭೆಯಲ್ಲಿ ಮೊದಲು ಆಡಿದವಳು ನಾನೇ. ಶಿವಮೊಗ್ಗದ ಒಂದು ಅನುದಾನಿತ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಕನ್ನಡ ವಿಭಾಗದ ಒಂದು ಕಾಯಂ ಹುದ್ದೆಯನ್ನು ತುಂಬಲು ಬಹಳ ವರ್ಷಗಳ ನಂತರ ಅನುಮತಿ ಬಂದಿತ್ತು. ಹನ್ನೊಂದು ಅರ್ಜಿಗಳೂ ಬಂದಿದ್ದವು. ಇಂಥ ಹುದ್ದೆಗಳು ಹಿಂದೆ ಹೇಗೆ ತುಂಬುತ್ತಿದ್ದವು ಎಂಬುದು ಊರಿಗೆ ತಿಳಿದ ಸಂಗತಿ. ಯಾರು ಯಾರಿಗೆ ಬೀಗರು, ಯಾರ ಫೋನು ಯಾರಿಗೆ ಬಂತು ಎಂಬುದರ ಮೇಲೆ ಅರ್ಹತೆ ನಿಲ್ಲುತ್ತಿತ್ತು. ವಿದ್ಯಾರ್ಥಿ ಸಂಘಟನೆಯ ಅಧ್ಯಯನ ಶಿಬಿರಗಳಲ್ಲಿ ಬೆಳೆದ ನನಗೆ ಅನ್ಯಾಯವನ್ನು ಅನ್ಯಾಯವೆಂದೇ ಕರೆದು ಅಭ್ಯಾಸ. ಆದ್ದರಿಂದ ಸಭೆಯಲ್ಲಿ ಎದ್ದು ನಿಂತು, ಪ್ರತಿ ಅಭ್ಯರ್ಥಿ ಕೊಟ್ಟ ಒಂದೊಂದು ಸಂಶೋಧನಾ ಲೇಖನ ಪ್ರಕಟವಾದ ಪತ್ರಿಕೆಗೆ ಶ್ರೇಣಿ ಕೊಡೋಣ, ಆ ಅಂಕದ ಮೇಲೆ ಸಂದರ್ಶನಕ್ಕೆ ಕರೆಯೋಣ ಎಂದು ಒತ್ತಾಯಿಸಿದೆ. ಯಾರಿಗೂ ಬೇಡವೆನ್ನಲು ಕಾರಣ ಸಿಗಲಿಲ್ಲ. ಪ್ರಾಂಶುಪಾಲರು, ಭೌತಶಾಸ್ತ್ರದ ಮೇಷ್ಟ್ರು ಮತ್ತು ನಾನು ಹೀಗೆ ಮೂವರ ಸಮಿತಿಯಾಯಿತು. ಮೂರು ವಾರಗಳ ಅವಧಿ ಸಿಕ್ಕಿತು.

ಹೊರಬರುವಾಗ ಭೌತಶಾಸ್ತ್ರದ ಮೇಷ್ಟ್ರು ಹೇಳಿದರು: "ಮಾರಾಯ್ತಿ, ಪತ್ರಿಕೆಗೆ ಮಾರ್ಕ್ಸ್ ಹಾಕ್ತೀಯ, ಸರಿ. ಯೂನಿವರ್ಸಿಟಿಗೆ ಹೋಗೋ ಶಂಕರಘಟ್ಟದ ಬಸ್ಸಲ್ಲಿ ಒಬ್ಬ ಗೋಲ್ಡ್ ಮೆಡಲಿಸ್ಟ್ ಕೂತಿದ್ರೆ ಬಸ್ಸಿಗೇ ಮೆಡಲ್ ಹಾಕಿ ಕಳಿಸ್ತೀಯಾ?"

ಅವರು ನಾನು ಪಿಯುಸಿ ಓದುವಾಗ ಪಾಠ ಹೇಳಿದವರು. ಹಾಸ್ಯದ ಹಕ್ಕು ಅವರಿಗಿತ್ತು. ನಾನು ನಕ್ಕು ಮುಂದೆ ಹೋದೆ. ಆ ಪ್ರಶ್ನೆಗೆ ಅಂದೇ ಉತ್ತರ ಹುಡುಕಿದ್ದರೆ ಎರಡು ವಾರ ಉಳಿಯುತ್ತಿತ್ತು.

ವಿಧಾನವನ್ನು ನಾನು ಶ್ರದ್ಧೆಯಿಂದ ಕಟ್ಟಿದೆ. ಐದು ಶೀರ್ಷಿಕೆಗಳು, ಒಂದೊಂದಕ್ಕೆ ಇಪ್ಪತ್ತು ಅಂಕ. ಪತ್ರಿಕೆ ಕಾಲಕ್ಕೆ ಸರಿಯಾಗಿ ಹೊರಬರುತ್ತದೆಯೇ? ಲೇಖನಗಳನ್ನು ವಿಷಯತಜ್ಞರು ಪರಿಶೀಲಿಸುವ ಕ್ರಮವನ್ನು ಪ್ರಕಟಿಸಿದೆಯೇ? ಸಂಪಾದಕ ಮಂಡಳಿಯಲ್ಲಿ ಬೇರೆ ಬೇರೆ ಸಂಸ್ಥೆಗಳವರು ಇದ್ದಾರೆಯೇ? ಅಂತರಜಾಲದ ಸಂಶೋಧನಾ ಸೂಚಿಗಳಲ್ಲಿ ಅದರ ಹೆಸರಿದೆಯೇ? ಕೊನೆಯದು, ಕಳೆದೆರಡು ವರ್ಷಗಳ ಅದರ ಲೇಖನಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ? ನೂರಕ್ಕೆ ನಲವತ್ತು ಬಾರದ ಪತ್ರಿಕೆಯಲ್ಲಿ ಬರೆದವರನ್ನು ಸಂದರ್ಶನಕ್ಕೆ ಕರೆಯುವಂತಿಲ್ಲ. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳ ವಿರುದ್ಧ ನಾನು ಹಿಂದೆ ಕರಪತ್ರ ಹಂಚಿದ್ದೆ. ಈ ಜರಡಿಯಲ್ಲಿ ಅವು ಉದುರಿಹೋಗುತ್ತವೆ ಎಂದು ನಂಬಿದ್ದೆ.

ಮೊದಲ ವಾರ ಮುಗಿದಾಗ ಅಗ್ರಸ್ಥಾನದಲ್ಲಿ ಇದ್ದುದು ಅಂಥದೇ ಒಂದು ಪತ್ರಿಕೆ. ಅದರ ಹೆಸರಿನಲ್ಲಿ 'ಅಂತರರಾಷ್ಟ್ರೀಯ' ಎಂಬ ಪದ ಎರಡು ಸಲ ಬರುತ್ತದೆ. ತಿಂಗಳ ಮೊದಲ ದಿನವೇ ಸಂಚಿಕೆ ಸಿದ್ಧ. ಪರಿಶೀಲನೆಯ ಕ್ರಮವನ್ನು ಎರಡು ಪುಟ ವಿವರಿಸಿದ್ದಾರೆ. ಸಂಪಾದಕ ಮಂಡಳಿಯಲ್ಲಿ ಎಷ್ಟೋ ದೇಶಗಳವರು. ಅವರಲ್ಲಿ ಒಬ್ಬರಿಗೆ ಪತ್ರ ಬರೆದು ಕೇಳಿದರೆ, ಆ ಪತ್ರಿಕೆಯ ಹೆಸರನ್ನೇ ಕೇಳಿಲ್ಲವೆಂದರು. ಅದರ ಲೇಖಕರು ಅದರ ಲೇಖನಗಳನ್ನೇ ಪರಸ್ಪರ ಉಲ್ಲೇಖಿಸಿಕೊಂಡು ಸರಾಸರಿಯನ್ನು ಏರಿಸಿದ್ದರು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಸಿದ್ಧಪಡಿಸಿಟ್ಟುಕೊಳ್ಳುವುದೇ ಅವರ ಕಸುಬಾಗಿತ್ತು.

ಪಟ್ಟಿಯ ತಳದಲ್ಲಿ ಹದಿನಾಲ್ಕು ಅಂಕ ಪಡೆದು ಕುಳಿತದ್ದು 'ಎರಕ' ಎಂಬ ಕನ್ನಡ ಪತ್ರಿಕೆ. ಭದ್ರಾವತಿಯ ಕಾರ್ಖಾನೆಯೊಂದರ ಪರೀಕ್ಷಾ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಒಬ್ಬರು ಅದರ ಸಂಪಾದಕರು. ಅದರಲ್ಲಿ ಲೇಖನ ಬರೆದಿದ್ದವಳು ನಮ್ಮದೇ ಕನ್ನಡ ವಿಭಾಗದ ಅತಿಥಿ ಉಪನ್ಯಾಸಕಿ. ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬಂದು, ಒಂಬತ್ತು ವರ್ಷಗಳಿಂದ ಕಾಯಂ ಅಧ್ಯಾಪಕರಷ್ಟೇ ಪಾಠ ಮಾಡುತ್ತಾ, ಪ್ರತಿ ಬೇಸಿಗೆಯಲ್ಲಿ ಕೆಲಸ ಕಳೆದುಕೊಂಡು ಪ್ರತಿ ಮಳೆಗಾಲದಲ್ಲಿ ಮರಳಿ ಪಡೆಯುವವಳು. ಒಂಬತ್ತು ವರ್ಷದ ಅತಿಥಿ ಎಂಬ ಪದವೇ ಒಂದು ಅನ್ಯಾಯವೆಂದು ನಾನು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ. ವಯೋಮಿತಿಯ ಕಾರಣ ಈ ಹುದ್ದೆ ಅವಳಿಗೆ ಕೊನೆಯ ಅವಕಾಶ. ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಮಧ್ಯಾಹ್ನದ ಊಟ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಮ್ಮಿಬ್ಬರದೂ ಒಟ್ಟಿಗೆ. ಈ ಸ್ನೇಹವನ್ನು ಸಮಿತಿಗೆ ಮೊದಲ ದಿನವೇ ಲಿಖಿತವಾಗಿ ತಿಳಿಸಬೇಕಿತ್ತು. ತಿಳಿಸಲಿಲ್ಲ. ಇತರರ ತಪ್ಪುಗಳ ಪಟ್ಟಿ ಮಾಡುವವಳು ಅದನ್ನೂ ಇಲ್ಲಿ ಬರೆಯಬೇಕು.

ಸೂಚಿಗಳಲ್ಲಿ 'ಎರಕ'ಕ್ಕೆ ಸಿಕ್ಕಿದ್ದು ಒಂದೇ ಒಂದು ಉಲ್ಲೇಖ. ನಾನು ಮೂರು ಬಾರಿ ಹುಡುಕಿದೆ. ನಾಲ್ಕನೆಯ ಬಾರಿ ಭೌತಶಾಸ್ತ್ರದ ಮೇಷ್ಟ್ರು ಪಕ್ಕದಲ್ಲಿದ್ದರು.

"ಹೆಂಗೆ ಟೈಪ್ ಮಾಡ್ತಾ ಇದ್ದೀಯಾ?"

"ಇಂಗ್ಲಿಷಿನ ಇ ಅಕ್ಷರದಿಂದ ಸಾರ್. ಎ ಅಂದರೆ ಎ."

"ಅದು ನಿನ್ನ ಶುದ್ಧ ಕನ್ನಡ. ನಮ್ಮ ಹೊಸಮನೆ ಬೀದಿ ಜನರ ಬಾಯಲ್ಲಿ ಅದು ಯೆರಕ. ವೈ ಹಾಕಿ ನೋಡು."

ವೈ ಹಾಕಿದೆ. ಮತ್ತಷ್ಟು ಉಲ್ಲೇಖಗಳು ಬಂದವು. ನಾವು 'ಎ' ಎಂದು ಬರೆದು 'ಯೆ' ಎಂದು ಉಚ್ಚರಿಸುವವರು. ಇಂಗ್ಲಿಷಿಗೆ ಇಳಿಸುವಾಗ ಒಬ್ಬ ಸಂಶೋಧಕ ಬರೆದಂತೆ, ಇನ್ನೊಬ್ಬ ನುಡಿದಂತೆ, ಮೂರನೆಯವನು ಮನಸ್ಸಿಗೆ ಬಂದಂತೆ ಅಕ್ಷರ ಕೂಡಿಸಿದ್ದ. ಒಂದೇ ಪತ್ರಿಕೆ ಯಂತ್ರದ ಪಾಲಿಗೆ ಮೂರು ಪತ್ರಿಕೆಗಳಾಗಿತ್ತು. ಸಾಲದ್ದಕ್ಕೆ, ಒಂದು ಸೂಚಿಯಲ್ಲಿ ಅದನ್ನು ಯಾರೋ ನಿಘಂಟು ನೋಡಿ ಲೋಹದ ಎರಕದ ವಿಭಾಗಕ್ಕೆ ಸೇರಿಸಿದ್ದರು. ಪ್ರಕಾಶನದ ಸ್ಥಳ ಭದ್ರಾವತಿ ಎಂದಿದ್ದುದೂ ಆ ತಪ್ಪಿಗೆ ಇಂಬುಕೊಟ್ಟಿರಬೇಕು. ಭಾಷೆಯ ಬಗೆಗಿನ ಲೇಖನಗಳನ್ನು ಅಲ್ಲಿ ಉಕ್ಕಿನ ಲೇಖನಗಳ ಜೊತೆ ತೂಗಲಾಗಿತ್ತು.

"ಪಾಪ, ಆ ಹುಡುಗಿ ಭಾಷಾಶಾಸ್ತ್ರ ಬರ್ದು ಮೆಟಲರ್ಜೀಲಿ ಫೇಲ್ ಆಗಿದ್ದಾಳೆ," ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು.

ಮೂರು ಕಾಗುಣಿತಗಳನ್ನು ಕೂಡಿಸಿದರೂ ಅಂಕ ಮೂವತ್ತೊಂದಕ್ಕೆ ನಿಂತಿತು. ಕಾಲಕ್ಕೆ ಸರಿಯಾಗಿ ಬರುವ ಶೀರ್ಷಿಕೆಯಲ್ಲಿ ಅದಕ್ಕೆ ಸಿಕ್ಕಿದ್ದು ಸೊನ್ನೆ. ಹಳೆಯ ಸಂಚಿಕೆಗಳ ದಿನಾಂಕಗಳನ್ನು ಕಣ್ಣಾರೆ ನೋಡಿ ಬರಲು ಭಾನುವಾರ ಭದ್ರಾವತಿಯ ಬಸ್ಸು ಹತ್ತಿದೆ.

ಸಂಪಾದಕರ ಮನೆ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಬೀದಿಯಲ್ಲಿತ್ತು. ಮನೆಮಾತು ತಮಿಳು, ಕನ್ನಡವನ್ನು ಅವರು ಎಚ್ಚರದಿಂದ, ಅಳತೆಗೋಲು ಹಿಡಿದವರಂತೆ ಆಡುತ್ತಿದ್ದರು. ಕಬ್ಬಿಣದ ಬೀರುವಿನಿಂದ ಹಳೆಯ ಸಂಚಿಕೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ವರ್ಷಕ್ಕೆ ನಾಲ್ಕು ಎಂದು ಮುಖಪುಟದಲ್ಲಿದ್ದರೂ ಒಂದು ವರ್ಷ ಎರಡೇ ಬಂದಿದ್ದವು, ಮತ್ತೊಂದು ವರ್ಷ ಒಂದೇ.

"ಇದಕ್ಕೆ ಮಾರ್ಕ್ಸ್ ಕೊಡೋಕಾಗಲ್ವಲ್ಲ ಸಾರ್," ಎಂದೆ.

"ಕೊಡ್ಬೇಡಿ ಮೇಡಮ್ಮ. ಲೇಖನ ಸರಿ ಬಂದಿರ್ಲಿಲ್ಲ. ಎರಕ ಆರೋಕ್ ಮುಂಚೆ ಅಚ್ಚು ಬಿಚ್ಚಿದ್ರೆ ಏನಾಗುತ್ತೆ?"

"ಏನಾಗುತ್ತೆ?"

"ಏನೂ ಆಗಲ್ಲ. ಆಕಾರ ಇರಲ್ಲ, ಅಷ್ಟೇ."

ಕಾಫಿ ಬಂತು. ನನ್ನ ಐದು ಶೀರ್ಷಿಕೆಗಳ ಹಾಳೆಯನ್ನು ಅವರು ಕನ್ನಡಕ ಏರಿಸಿ ಓದಿದರು. ಬಳಿಕ ತಮ್ಮ ಕೆಲಸದ ವಿಷಯ ಹೇಳಿದರು. ಗಟ್ಟಿತನದ ಪರೀಕ್ಷೆಯಲ್ಲಿ ಒಂದು ಗುಂಡನ್ನು ಉಕ್ಕಿನ ಮೈಮೇಲೆ ಒತ್ತುತ್ತಾರಂತೆ. ಎಷ್ಟು ಅಗಲದ ತಗ್ಗು ಬಿತ್ತೆಂದು ಅಳೆದರೆ ಒಂದು ಅಂಕಿ ಸಿಗುತ್ತದೆ.

"ನಂಬರ್ ಸುಳ್ಳು ಹೇಳಲ್ಲ ಮೇಡಮ್ಮ. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತೆ. ಗಟ್ಟಿ ಎಷ್ಟು ಅಂದ್ರೆ ಇಷ್ಟು ಅನ್ನುತ್ತೆ. ಬಗ್ಗುತ್ತಾ, ಮುರಿಯುತ್ತಾ, ಅದು ಹೇಳಲ್ಲ. ಗಾಜೂ ಗಟ್ಟೀನೇ. ಗಾಜಲ್ಲಿ ಸ್ಪ್ರಿಂಗ್ ಮಾಡ್ತೀರಾ?"

"ಮತ್ತೆ ನೀವು ಹೇಗೆ ಪಾಸ್ ಮಾಡ್ತಿದ್ರಿ?"

"ನಾಲ್ಕು ಥರ ಟೆಸ್ಟು. ಆಮೇಲೂ ಮುರಿದ ತುಂಡನ್ನ ಕೈಯಲ್ಲಿ ಹಿಡ್ಕೊಂಡು ಒಳಗಿನ ಹರಳು ಸಣ್ಣದೋ ದಪ್ಪದೋ ನೋಡ್ತಿದ್ವಿ. ನಮ್ಮ ರಿಜಿಸ್ಟರಲ್ಲಿ ಕೊನೇ ಕಾಲಂ ಒಂದಿತ್ತು: 'ನೋಡಿದವರು'. ಅಲ್ಲಿ ಸೈನ್ ಬೀಳ್ದೆ ಮಾಲು ಗೇಟ್ ದಾಟ್ತಿರ್ಲಿಲ್ಲ."

ಹೊರಡುವಾಗ ನಾನು ಒಂದು ಬೇಡಿಕೆ ಇಟ್ಟೆ: ಪತ್ರಿಕೆಯ ಹೆಸರಿಗೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತವನ್ನು ನಿಗದಿ ಮಾಡಿ. ಅವರು ನಕ್ಕರು. "ನಾನು ಕಬ್ಬಿಣ ಅಂದ್ಕೊಂಡು ಆ ಹೆಸರಿಟ್ಟೆ. ಹಳಗನ್ನಡದಲ್ಲಿ ಎರಕ ಅಂದ್ರೆ ಪ್ರೀತಿ ಅಂತಾನೂ ಇದೆಯಂತೆ, ನಿಮ್ಮ ಕಾಲೇಜಿನ ನಮ್ಮ ಪಾಪಾ ಹೇಳಿದ್ಲು. ಕನ್ನಡದಲ್ಲೇ ಎರಡು ಅರ್ಥ ಇಟ್ಕೊಂಡಿರೋದು ಇಂಗ್ಲಿಷಲ್ಲಿ ಮೂರು ಸ್ಪೆಲಿಂಗ್ ಇಟ್ಕೊಂಡ್ರೆ ತಪ್ಪೇನು?" ಪಾಪಾ ಎಂದರೆ ನಮ್ಮ ಅತಿಥಿ ಉಪನ್ಯಾಸಕಿ, ಅವಳ ತಂದೆ ಅದೇ ಕಾರ್ಖಾನೆಯ ಎರಕದ ಮನೆಯಲ್ಲಿ ಕೆಲಸ ಮಾಡಿದವರು.

ಶಿವಮೊಗ್ಗದ ಗೋಪಾಳದ ನನ್ನ ಮನೆಗೆ ಮರಳುವ ಹೊತ್ತಿಗೆ ಅವರ ಮಾತುಗಳೆಲ್ಲ ನನಗೆ ಪಾಠವಾಗಬೇಕಿತ್ತು. ಆದರೆ ನನಗೆ ಹೊಳೆದದ್ದು ಒಂದು ಉಪಾಯ. ಕಾಲಕ್ಕೆ ಸರಿಯಾಗಿ ಬರುವುದಕ್ಕೆ ಇಪ್ಪತ್ತು ಅಂಕ ಯಾಕೆ? ಐದು ಸಾಕು. ಉಳಿದ ಹದಿನೈದನ್ನು ಭಾರತೀಯ ಭಾಷೆಯ ಪತ್ರಿಕೆಗಳಿಗೆಂದು ಹೊಸ ಶೀರ್ಷಿಕೆ ಮಾಡಿ ಕೊಡಬಹುದು. ಇಂಗ್ಲಿಷಿನ ಯಜಮಾನಿಕೆಗೆ ಅದು ತಕ್ಕ ಉತ್ತರವೂ ಹೌದು. ಸೋಮವಾರ ಹೊಸ ಲೆಕ್ಕ ಹಾಕಿದೆ. 'ಎರಕ'ಕ್ಕೆ ನಲವತ್ತಾರು ಬಂತು. ತತ್ವವೂ ಉಳಿಯಿತು, ಗೆಳತಿಯೂ ಉಳಿದಳು ಎಂದು ಹಿಗ್ಗಿದೆ.

ಊಟದ ಹೊತ್ತಿನಲ್ಲಿ ಆ ಹಾಳೆಯನ್ನು ಅವಳ ಮುಂದಿಟ್ಟೆ. ಸಮಿತಿಯ ಹಾಳೆಯನ್ನು ಅಭ್ಯರ್ಥಿಗೆ ತೋರಿಸುವುದು ಶುದ್ಧ ತಪ್ಪು. ಆಗ ಅದು ಕಾಣಿಸಲಿಲ್ಲ. ಅವಳು ಡಬ್ಬಿಯ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಹಳೆಯ ಮತ್ತು ಹೊಸ ಅಂಕಗಳನ್ನು ಎರಡು ಸಲ ನೋಡಿದಳು.

"ಅಕ್ಕ, ಇದು ನನ್ನ ಅಳತೆ ತಗೊಂಡು ಹೊಲಿದ ಬ್ಲೌಸು."

"ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಯ್ತಲ್ಲ. ಹಿಂದೆ ಬೇರೆಯವ್ರು ಅವರವರ ಮಂದಿಗೆ ಹೊಲಿತಿದ್ರು. ನೀವು ಅದಕ್ಕೇ ಅಲ್ವಾ ಜಗಳ ಮಾಡಿದ್ದು?" ಹಾಳೆಯನ್ನು ನನ್ನ ಕಡೆ ಸರಿಸಿ ಅವಳು ಕೇಳಿದಳು: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಲೇಖನ ಓದಿದ್ರಾ?"

ನಾನು ಓದಿರಲಿಲ್ಲ.

ಆ ಸಂಚಿಕೆ ಗ್ರಂಥಾಲಯಕ್ಕೆ ಬಂದಾಗ ಅದರ ಮೇಲೆ ಮೊಹರು ಒತ್ತಿದವಳು ನಾನು. ರಿಜಿಸ್ಟರಿಗೆ ಏರಿಸಿ ಕಪಾಟಿನಲ್ಲಿ ಇಟ್ಟವಳು ನಾನು. ಅದರ ಉಲ್ಲೇಖಗಳನ್ನು ಮೂರು ಕಾಗುಣಿತಗಳಲ್ಲಿ ಹುಡುಕಿ, ದಿನಾಂಕ ನೋಡಲು ಭದ್ರಾವತಿಗೆ ಹೋಗಿ, ಅದರ ಪರವಾಗಿ ಇಡೀ ವಿಧಾನವನ್ನೇ ತಿರುಚಿದವಳೂ ನಾನೇ. ಅದರ ಒಂದು ಸಾಲನ್ನೂ ಓದಿರಲಿಲ್ಲ. ಉಳಿದ ಹತ್ತು ಲೇಖನಗಳಲ್ಲಿಯೂ ಯಾವುದನ್ನೂ ಓದಿರಲಿಲ್ಲ. ಲೇಖನಗಳನ್ನು ಓದದೆಯೇ ಅವುಗಳ ಯೋಗ್ಯತೆ ಹೇಳುವುದಕ್ಕೆಂದೇ ನಾನು ಒಂದು ವಿಧಾನವನ್ನು ಕಟ್ಟಿದ್ದೆ, ಅದನ್ನು ನ್ಯಾಯವೆಂದು ಕರೆದಿದ್ದೆ.

ಅವಳು ಪಾಠಕ್ಕೆ ಹೋದ ಮೇಲೆ ಕಪಾಟಿನಿಂದ ಸಂಚಿಕೆ ತೆಗೆದು ಓದಿದೆ. ಎರಕದ ಮನೆಯ ಕಾರ್ಮಿಕರ ಮಾತಿನ ಕುರಿತ ಲೇಖನ ಅದು. ಕನ್ನಡ, ತಮಿಳು, ತೆಲುಗು, ಉರ್ದು ಆಡುವ ಜನ ಒಂದೇ ಸೂರಿನಡಿ ದುಡಿಯುವಾಗ ಗೌರವವಾಚಕಗಳು ಏನಾಗುತ್ತವೆ ಎಂದು ಅವಳು ಕೇಳಿದ್ದಳು. ತಂದೆಯನ್ನೂ ಅವರ ಜೊತೆಗಾರರನ್ನೂ ಮಾತಾಡಿಸಿ ಬರೆದಿದ್ದಳು. ಊಟದ ಹೊತ್ತಿನಲ್ಲಿ ಅಧಿಕಾರಿಗಳಿಗೆ 'ಬನ್ನಿ ಸಾರ್, ಕೂತ್ಕೊಳ್ಳಿ ಸಾರ್' ಎನ್ನುವವರೇ, ಕರಗಿದ ಲೋಹದ ತೊಟ್ಟಿ ಕ್ರೇನಿನಲ್ಲಿ ತಲೆಯ ಮೇಲೆ ಬರುವಾಗ ಅದೇ ಅಧಿಕಾರಿಗೆ 'ನೋಡ್ಕೋ' ಎಂದು ಕೂಗುತ್ತಿದ್ದರು. ಯಾರೂ ಅದಕ್ಕೆ ಸಿಟ್ಟಾಗುತ್ತಿರಲಿಲ್ಲ. ಬಹುವಚನದ ಒಂದು ಅಕ್ಷರ ಜಾಸ್ತಿ ಕೂಗುವಷ್ಟು ಸಮಯ ಅಲ್ಲಿರಲಿಲ್ಲ; ಆ ಏಕವಚನ ಅಗೌರವವಲ್ಲ, ಜೀವ ಉಳಿಸುವ ಕಾಳಜಿ ಎಂದು ಅವಳು ವಾದಿಸಿದ್ದಳು. ನಾನು ಆ ಪುಟವನ್ನು ಮತ್ತೆ ಓದಿದೆ. ಇದಕ್ಕೆ ಹದಿನಾಲ್ಕೂ ಸಲ್ಲದು, ನಲವತ್ತಾರೂ ಸಲ್ಲದು. ಇದು ಅಂಕದ ಮಾತೇ ಅಲ್ಲ.

ಮರುದಿನ ಸಮಿತಿಗೆ ಒಂದು ಟಿಪ್ಪಣಿ ಬರೆದೆ. ಹೊಸ ಲೆಕ್ಕದ ಹಾಳೆಯನ್ನು ಹಿಂತೆಗೆದುಕೊಂಡೆ. ಅದನ್ನು ಯಾಕೆ ಹಾಗೆ ತಿರುಚಿದೆ, ಯಾರಿಗೆ ತೋರಿಸಿದೆ, ಅಭ್ಯರ್ಥಿ ಅದನ್ನು ಹೇಗೆ ನಿರಾಕರಿಸಿದಳು ಎಂಬುದನ್ನೂ ಬರೆದೆ. ಶ್ರೇಣಿಯ ಪಟ್ಟಿಗೆ ಸಹಿ ಹಾಕಲಾರೆ, ಹನ್ನೊಂದು ಲೇಖನಗಳನ್ನೂ ಓದಿಯೇ ನಿರ್ಧರಿಸಬೇಕು, ಅವಳ ಲೇಖನದ ಬಗ್ಗೆ ನಾನು ಅಭಿಪ್ರಾಯ ಕೊಡುವುದಿಲ್ಲ ಎಂದೆ.

ಪ್ರಾಂಶುಪಾಲರು ಟಿಪ್ಪಣಿಯನ್ನು ಓದಿ ತಲೆಯೆತ್ತಿದರು. "ಅಂಕಿಗೆ ಜಾತಿ ಇಲ್ಲ ಅಂದೋರು ನೀವೇ ಅಲ್ವೇನಮ್ಮಾ?"

"ಹೌದು ಸಾರ್. ಆದರೆ ಅಂಕಿಗೆ ಭಾಷೆ ಇದೆ, ಊರಿದೆ. ಅಂಕಿ ಹಾಕುವವರಿಗೆ ಗೆಳತಿಯರೂ ಇರ್ತಾರೆ."

"ಓದೋರಿಗೆ ಇರಲ್ವಾ?"

ಪ್ರಶ್ನೆ ನ್ಯಾಯವಾಗಿತ್ತು. ಓದುವವರಿಗೂ ಒಲವುಗಳಿರುತ್ತವೆ. ಉತ್ತರ ಕೊಟ್ಟವರು ಭೌತಶಾಸ್ತ್ರದ ಮೇಷ್ಟ್ರು: "ಇರುತ್ತೆ ಸಾರ್. ಆದ್ರೆ ಓದಿದೋರನ್ನ ನಿಲ್ಲಿಸಿ ಯಾಕೆ ಅಂತ ಕೇಳ್ಬಹುದು. ನಲವತ್ತಾರನ್ನ ನಿಲ್ಲಿಸಿ ಕೇಳಿದ್ರೆ ಅದು ನಲವತ್ತಾರು ಅಂತಷ್ಟೇ ಹೇಳುತ್ತೆ."

ಕನ್ನಡದ ಇಬ್ಬರು ನಿವೃತ್ತ ಅಧ್ಯಾಪಕರನ್ನು ಕೋರಿ ಕರೆತಂದೆವು. ಮೇಷ್ಟ್ರು ತಾವೇ ಕತ್ತರಿ, ಅಂಟು ಹಿಡಿದು ಕೂತು ಪ್ರತಿ ಲೇಖನದ ಮೇಲಿನ ಪತ್ರಿಕೆಯ ಹೆಸರಿಗೂ ಲೇಖಕರ ಹೆಸರಿಗೂ ಬಿಳಿ ಕಾಗದ ಅಂಟಿಸಿದರು. ನಾನು ಹೊಸ ನಮೂನೆಯ ಹಾಳೆ ಸಿದ್ಧಪಡಿಸಿದೆ. ಅದರ ಕೊನೆಯ ಕಾಲಂಗೆ 'ಓದಿದವರು' ಎಂದು ಹೆಸರಿಟ್ಟೆ. ಅಲ್ಲಿ ಸಹಿ ಬೀಳದೆ ಯಾವ ಅಭಿಪ್ರಾಯವೂ ಸಲ್ಲದು. ಗ್ರಂಥಾಲಯದ ಉದ್ದನೆಯ ಮೇಜಿನ ಸುತ್ತ ಐದು ದಿನ ಓದಿದೆವು. ಒಬ್ಬ ಅಧ್ಯಾಪಕರಿಗೆ ಮೆಚ್ಚಿದ ಭಾಷೆ ಇನ್ನೊಬ್ಬರಿಗೆ ಆಡಂಬರವಾಯಿತು, ವಾದಗಳಾದವು, ಒಂದು ಲೇಖನ ಎಲ್ಲಿಂದ ಕದ್ದದ್ದೆಂದು ಎರಡನೆಯ ಪುಟದಲ್ಲಿಯೇ ಹಿರಿಯರೊಬ್ಬರು ಹೇಳಿಬಿಟ್ಟರು. ನನ್ನ ಪಟ್ಟಿಯಲ್ಲಿ ಅದರ ಪತ್ರಿಕೆಗೆ ಎಪ್ಪತ್ತೆರಡು ಅಂಕವಿತ್ತು.

ಎಲ್ಲರೂ ಒಪ್ಪಿದ ಲೇಖನಗಳು ಎರಡು. ಒಂದು ಅವಳದು, ಅದನ್ನು ಓದುವಾಗ ನಾನು ಎದ್ದು ಹೊರಗೆ ಹೋಗಿದ್ದೆ. ಇನ್ನೊಂದು, ಬೀದಿಯಲ್ಲಿ ಹೂ ಮಾರುವ ಹೆಂಗಸರ ಅಳತೆಯ ಮಾತುಗಳನ್ನು ಕುರಿತದ್ದು. ಮೊಳ ಹಾಕುವ ಕೈ ಯಾರದು ಎಂಬುದರ ಮೇಲೆ ಮೊಳ ಹೇಗೆ ಹಿಗ್ಗುತ್ತದೆ, ಬಾಣಂತಿಗೆಂದು ಕೊಂಡರೆ ಗೇಣು ಹೆಚ್ಚು ಬಿಡುವ ಪದ್ಧತಿಗೆ ಯಾವ ಮಾತು ಬಳಸುತ್ತಾರೆ ಎಂಬುದನ್ನೆಲ್ಲ ಪ್ರೀತಿಯಿಂದ, ಕರಾರುವಾಕ್ಕಾಗಿ ಬರೆಯಲಾಗಿತ್ತು. ಅದು ನನಗೆ ಎಷ್ಟು ಹಿಡಿಸಿತೆಂದರೆ ಅಭಿಪ್ರಾಯದ ಜಾಗ ಸಾಲದೆ ಹಾಳೆಯ ಹಿಂಬದಿಯಲ್ಲೂ ಬರೆದೆ.

ಕೊನೆಯ ದಿನ ಅಂಟಿಸಿದ ಕಾಗದಗಳನ್ನು ಕಿತ್ತೆವು. ಹೂವಿನ ಲೇಖನ ಪ್ರಕಟವಾಗಿದ್ದುದು ಹೆಸರಿನಲ್ಲಿ ಎರಡು ಸಲ 'ಅಂತರರಾಷ್ಟ್ರೀಯ' ಇರುವ ಆ ಪತ್ರಿಕೆಯಲ್ಲಿ.

ಮೇಷ್ಟ್ರು ನನ್ನ ಮುಖ ನೋಡಿದರು. "ಏನ್ ಮಾರಾಯ್ತಿ, ಕರಪತ್ರ ವಾಪಸ್ ತಗೊಳ್ತೀಯಾ?"

ವಾಪಸು ಪಡೆಯಲಿಲ್ಲ. ಆ ಪತ್ರಿಕೆ ಮಾಡುವುದು ವಂಚನೆಯೇ. ಆದರೆ ಅದರಲ್ಲಿ ಬರೆದವರೆಲ್ಲ ವಂಚಕರೆಂದು ನಾನು ಕರಪತ್ರದಲ್ಲಿ ಬರೆದಿದ್ದೆ. ನನ್ನ ಬಳಿ ಉಳಿದ ಪ್ರತಿಗಳಲ್ಲಿ ಆ ಸಾಲನ್ನು ಹೊಡೆದುಹಾಕಿದೆ. ಲೇಖಕ ಹಳ್ಳಿಯ ಕಾಲೇಜೊಂದರ ಅರೆಕಾಲಿಕ ಅಧ್ಯಾಪಕ. ಒಳ್ಳೆಯ ಪತ್ರಿಕೆಗಳು ಎರಡು ವರ್ಷ ಅವನಿಗೆ ಉತ್ತರವನ್ನೇ ಬರೆದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಉತ್ತರ ಬರೆಯದ ಸಂಪಾದಕರ ಹೆಸರು ಯಾವ ಪಟ್ಟಿಯಲ್ಲಿಯೂ ಕೆಳಗೆ ಇಳಿಯುವುದಿಲ್ಲ.

ಆ ಇಬ್ಬರ ಜೊತೆ, ಹೆಚ್ಚಿನವರು ಒಪ್ಪಿದ ಇನ್ನಿಬ್ಬರನ್ನೂ ಸೇರಿಸಿ ನಾಲ್ವರನ್ನು ಸಂದರ್ಶನಕ್ಕೆ ಕರೆದೆವು. ಹೊರಗಿನಿಂದ ಬಂದ ತಜ್ಞರು ಪಾಠ ಮಾಡಿಸಿ ನೋಡಿದರು. ಹುದ್ದೆ ಹೂವಿನ ಲೇಖನದವನಿಗೆ ಹೋಯಿತು. ಅವಳು ಎರಡನೆಯ ಸ್ಥಾನದಲ್ಲಿದ್ದಳು.

ಅಂದು ನಾನು ಊಟ ಮಾಡಲಿಲ್ಲ. ಅವಳು ಮಾಡಿದಳು. ಡಬ್ಬಿ ತೆರೆದು, ನನ್ನ ಪಾಲಿನ ಚಿತ್ರಾನ್ನವನ್ನು ಮುಚ್ಚಳಕ್ಕೆ ಹಾಕಿ ನನ್ನ ಕಡೆ ತಳ್ಳಿದಳು.

"ನಾನು ಹೊಲಿದ ಬ್ಲೌಸನ್ನ ನೀನು ಹಾಕ್ಕೊಂಡಿದ್ರೆ ಇವತ್ತು ಕೆಲಸ ಇರ್ತಿತ್ತೇನೋ," ಎಂದೆ. ನಗಿಸಲು ಆಡಿದ ಮಾತು ಅದು.

"ಇರ್ತಿತ್ತೇನೋ. ಹುದ್ದೆ ಸಿಗಲಿಲ್ಲ ಅಂತ ದುಃಖ ಇದೆ ಅಕ್ಕ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅವನ ಲೇಖನ ನಾನೂ ತರಿಸ್ಕೊಂಡು ಓದ್ದೆ. ಚೆನ್ನಾಗಿದೆ. ಮೂರನೇ ಪುಟದಲ್ಲಿ ಒಂದು ತಪ್ಪಿದೆ, ಅದನ್ನ ಅವನಿಗೆ ಹೇಳ್ಬೇಕು." ಮತ್ತೆ ಅಂದಳು: "ಭದ್ರಾವತಿಯ 'ಎರಕ'ದ ಮಾಮಾಗೆ ಫೋನ್ ಮಾಡಿದ್ದೆ. ಟೆಸ್ಟ್ ಸರಿಯಿದ್ರೆ ರಿಸಲ್ಟ್ ಮೇಲೆ ಸಿಟ್ಟು ಮಾಡ್ಕೋಬಾರ್ದು ಪಾಪಾ ಅಂದ್ರು. ಆಮೇಲೆ ಅವ್ರೇ ಅತ್ರು."

ಅವಳು ಇಂದಿಗೂ ಅತಿಥಿ. ಅದು ಅನ್ಯಾಯ, ಅದಕ್ಕಾಗಿ ನಾವು ಹಾಕಿದ ಅರ್ಜಿ ಇನ್ನೂ ಓಡಾಡುತ್ತಿದೆ, ನಾನೂ ಅದರ ಹಿಂದೆ ಓಡಾಡುತ್ತಿದ್ದೇನೆ. ಈಚೆಗೆ ಮತ್ತೊಂದು ವಿಭಾಗದ ನೇಮಕಾತಿಗೆ ಕಚೇರಿಯವರು ನಮ್ಮ ನಮೂನೆಯನ್ನೇ ಮುದ್ರಿಸಿದ್ದಾರೆ, ಕೊನೆಯ ಕಾಲಂ ಸಮೇತ. ಆ ಅರ್ಜಿಗಳಲ್ಲಿ ಕನ್ನಡದ ಲೇಖನಗಳಿಗೆ ಓದುಗರು ಬೇಕೆಂದಾಗ ಪ್ರಾಂಶುಪಾಲರು ತಾವಾಗಿಯೇ ಅವಳ ಹೆಸರು ಬರೆದರು. 'ಓದಿದವರು' ಎಂಬಲ್ಲಿ ಈಗ ಅವಳ ದುಂಡನೆಯ ಸಹಿ ಇದೆ.

ಹೋದ ವಾರ 'ಎರಕ'ದ ಹೊಸ ಸಂಚಿಕೆ ಅಂಚೆಯಲ್ಲಿ ಬಂತು, ಎಂದಿನಂತೆ ತಡವಾಗಿ. ಹೂವಿನ ಅಳತೆಯ ಲೇಖನ ತಿದ್ದುಪಡಿಗಳೊಂದಿಗೆ ಅದರಲ್ಲಿ ಮರುಮುದ್ರಣವಾಗಿದೆ. ಅಡಿಯಲ್ಲಿ, ಪರಿಶೀಲಿಸಿದವಳ ಹೆಸರು. ಮುಖಪುಟದಲ್ಲಿ ಇಂಗ್ಲಿಷ್ ಅಕ್ಷರ ಒಂದೂ ಇಲ್ಲ. ನಾನು ಅಭ್ಯಾಸಬಲದಿಂದ ಮೊಹರನ್ನು ಕೈಗೆತ್ತಿಕೊಂಡೆ. ಸಂಚಿಕೆಯೊಳಗಿಂದ ಒಂದು ಚೀಟಿ ಜಾರಿ ಬಿತ್ತು, ಸಂಪಾದಕರ ಅಳತೆಯ ಅಕ್ಷರಗಳಲ್ಲಿ: "ಮೇಡಮ್ಮ, ಮೊದಲು ಓದು. ಆಮೇಲೆ ಎಂಟ್ರಿ."

ಅವರು ನನಗೆ ಏಕವಚನ ಬಳಸಿದ್ದು ಅದೇ ಮೊದಲು. ಮೊಹರನ್ನು ಪೆಟ್ಟಿಗೆಗೆ ಹಾಕಿ, ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡೆ. ಆ ಸಂಚಿಕೆ ರಿಜಿಸ್ಟರಿಗೆ ಏರಿದ್ದು ಮೂರು ದಿನ ತಡವಾಗಿ.